ಪಹಣಿಯ ಹಿಂದುಗಡೆ

ಆಗಸ್ಟ್ 3, ಭಾನುವಾರ

ಈ ನೋಟ್‌ಬುಕ್ಕು ತಂದದ್ದು ಪರೀಕ್ಷೆಗೆ ಓದಲು. ಮುಂದಿನಿಂದ ಸಾಮಾನ್ಯ ಜ್ಞಾನ, ಹಿಂದಿನಿಂದ ನನ್ನ ಗೋಳು ಎಂದು ತೀರ್ಮಾನಿಸಿದ್ದೇನೆ. ಯಾವುದು ಮೊದಲು ಮಧ್ಯದ ಪಿನ್ನು ಮುಟ್ಟುತ್ತದೋ ನೋಡೋಣ.

ಇವತ್ತಿನ ಗೋಳು: ಅಪ್ಪ ಹುಲ್ಲಿನ ಮೆದೆಯ ಮೇಲಿಂದ ಬಿದ್ದ. ಎತ್ತುಗಳಿಗೆ ಹುಲ್ಲು ಹಿರಿಯಲು ಹತ್ತಿದ್ದ. ಕೊಟ್ಟಿಗೆಯಲ್ಲಿ ಏಣಿ ಇದೆ. ಆದರೆ ಏಣಿ ಇಟ್ಟುಕೊಂಡರೆ ಜವರಯ್ಯನಿಗೆ ವಯಸ್ಸಾಯಿತು ಎಂದು ಊರವರಿಗೆ ಗೊತ್ತಾಗಿಬಿಡುತ್ತದಂತೆ. ಈಗ ಬಲಗಾಲು ಎರಡು ಕಡೆ ಮುರಿದು, ತೊಡೆಯ ತನಕ ಸಿಮೆಂಟು ಹಾಕಿಸಿಕೊಂಡು ಜಗಲಿಯ ಮಂಚದ ಮೇಲೆ ಮಲಗಿದ್ದಾನೆ. ಊರವರೆಲ್ಲ ಒಬ್ಬೊಬ್ಬರಾಗಿ ಬಂದು ಗೊತ್ತುಮಾಡಿಕೊಂಡು ಹೋಗುತ್ತಿದ್ದಾರೆ.

ಡಾಕ್ಟರು ಎರಡು ತಿಂಗಳು ಅಂದರು. ಅಪ್ಪ ಎರಡು ವಾರ ಅಂದ. ಚೌಕಾಸಿ ನಡೆಯಲಿಲ್ಲ.

ಕೆಳಗಿನ ಗದ್ದೆಯಲ್ಲಿ ಒಟ್ಲು ಹಾಕಿ ಆರು ದಿನವಾಗಿದೆ. ಭತ್ತದ ಸಸಿ ಹಸಿರಾಗಿ ಎದ್ದಿದೆ. ತಿಂಗಳೊಳಗೆ ಅದನ್ನು ಕಿತ್ತು ನಾಟಿ ಮಾಡಬೇಕು. ಮಾಡುವವರು ಯಾರು? ಅವ್ವ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ತಮ್ಮ ರಘುನಂದನ ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಗೂಡ್ಸ್ ಆಟೋದಲ್ಲಿ ಲೋಡು ಹೊಡೆಯುತ್ತಾನೆ, ಗದ್ದೆ ಅಂದರೆ ಮೈಲಿ ದೂರ ಓಡುತ್ತಾನೆ. ಅಜ್ಜಿ ಮಾಯಮ್ಮನಿಗೆ ಎಂಬತ್ತೆರಡು. ಉಳಿದವಳು ನಾನು. ಭಾರತೀನಗರದಲ್ಲಿ ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಗುಮಾಸ್ತರ ಕೆಲಸದ ಪರೀಕ್ಷೆಗೆ ಓದುತ್ತಿರುವ ರಂಜಿತ. ನನಗೂ ಗದ್ದೆಗೂ ಸಂಬಂಧ ಇರುವುದು ಅನ್ನದ ತಟ್ಟೆಯಲ್ಲಿ ಮಾತ್ರ.

ಆಗಸ್ಟ್ 5

ಪಕ್ಕದ ಗದ್ದೆಯ ಶಶಿಧರಣ್ಣ ಬ್ರೆಡ್ಡು ಹಿಡಿದು ಅಪ್ಪನನ್ನು ನೋಡಲು ಬಂದ. ಬ್ರೆಡ್ಡು ಕೊಟ್ಟವನೇ ಗದ್ದೆ ಕೇಳಿದ.

"ಜವರಣ್ಣ, ಕೆಳಗಿನ್ ಗದ್ದೆ ಒಂದೆಕ್ರೆ ನಂಗೆ ಗುತ್ತಿಗೆಗೆ ಬುಡು. ಮೂರು ವರ್ಸ ಬಾಳೆ ಇಡ್ತೀನಿ. ಆ ಒಟ್ಲು ಎಂಗೂ ಕೊಳ್ತೋಯ್ತದೆ, ಮಾಡೋರ್ಯಾರು ನಿಮ್ಮನೇಲಿ?"

ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ. ಲೆಕ್ಕಕ್ಕೇ ಇಲ್ಲದವಳಂತೆ ನನ್ನ ತಲೆಯ ಮೇಲಿಂದ ಮಾತಾಡುತ್ತಿದ್ದರು. ಮೈ ಉರಿದುಹೋಯಿತು. "ನಾನ್ ಮಾಡ್ತೀನಿ" ಅಂದುಬಿಟ್ಟೆ. ಅಪ್ಪ ಎಷ್ಟು ನಕ್ಕನೆಂದರೆ ಕಾಲು ನೋವೆದ್ದು "ಅಯ್ಯಪ್ಪಾ" ಎಂದು ನಿಲ್ಲಿಸಿದ.

ಕೊನೆಗೆ ತೀರ್ಮಾನವಾದದ್ದು: ಈ ಒಂದು ಬೆಳೆ ನಾನು ಮಾಡುವುದು. ಯುಗಾದಿಯ ದಿನದಿಂದ ಮೂರು ವರ್ಷ ಗದ್ದೆ ಶಶಿಧರಣ್ಣನದು. "ಮಾತು ಕೊಟ್ಟೀವ್ನಿ" ಅಂದ ಅಪ್ಪ. ಅಪ್ಪ ಮಾತು ಕೊಟ್ಟರೆ ಮುಗಿಯಿತು. ಮುರಿದ ಕಾಲಾದರೂ ಕೂಡೀತು, ಕೊಟ್ಟ ಮಾತು ಅತ್ತಿತ್ತ ಆಗುವುದಿಲ್ಲ.

ಒಳ್ಳೆಯದೇ ಆಯಿತು. ಯುಗಾದಿಗೆ ಶಶಿಧರಣ್ಣ ಬಂದು ಹೊತ್ತುಕೊಂಡು ಹೋಗಲಿ. ನನ್ನದು ಅಪ್ಪನ ಸಿಮೆಂಟು ಬಿಚ್ಚುವ ತನಕ ಮಾತ್ರ. ಡಿಸೆಂಬರ್ 7ಕ್ಕೆ ಪರೀಕ್ಷೆ.

ಆಗಸ್ಟ್ 11

ಪ್ರಶ್ನೆ: ಕರ್ನಾಟಕದಲ್ಲಿ ರೈತ ಎಂದರೆ ಯಾರು?
ಎ) ಗದ್ದೆಯಲ್ಲಿ ಕೆಲಸ ಮಾಡುವವರು. ಬಿ) ಗೊಬ್ಬರಕ್ಕೆ ಬಿಸಿಲಲ್ಲಿ ಎರಡು ಗಂಟೆ ಸಾಲು ನಿಂತವರು. ಸಿ) ಜಗಲಿಯ ಮೇಲೆ ಕಾಲು ಚಾಚಿ ಮಲಗಿರುವವರು.

ಸರಿಯುತ್ತರ ಸಿ. ಗೊಬ್ಬರ ಕೊಡುವವರು ಪಹಣಿಯಲ್ಲಿ ಹೆಸರಿರುವವರ ಹೆಬ್ಬೆಟ್ಟೇ ಬೇಕು, "ಹೋಗಿ ರೈತರನ್ನ ಕರ್ಕೊಂಡು ಬಾಮ್ಮ" ಅಂದರು. ಅವರದೂ ತಪ್ಪಲ್ಲ, ನಿಯಮ ಹಾಗಿದೆ. ರಘುಗೆ ಫೋನು ಮಾಡಿದೆ. ಅವನು ಎಳನೀರು ಇಳಿಸಿ ಬಂದು, ಅದೇ ಆಟೋದ ಹಿಂದೆ ಹಾಸಿಗೆ ಹಾಸಿ ಅಪ್ಪನನ್ನು ಮಲಗಿಸಿದ. ಸಿಮೆಂಟಿನ ಕಾಲು ಹಿಂದಿನಿಂದ ಆಚೆ ಚಾಚಿಕೊಂಡಿತ್ತು. ಊರ ಮಕ್ಕಳು ಉತ್ಸವದ ಹಾಗೆ ಹಿಂದೆ ಓಡಿದರು. ಅಪ್ಪ ಆಟೋದಿಂದಲೇ ಹೆಬ್ಬೆಟ್ಟು ಒತ್ತಿದ. ಎರಡು ಮೂಟೆ ಯೂರಿಯಾ ಅವನ ಪಕ್ಕದಲ್ಲೇ ಮಲಗಿ ಬಂದವು.

ಆಗಸ್ಟ್ 16

ಮೈಯೆಲ್ಲ ಕೆಸರು. ಕೂದಲಲ್ಲೂ ಕೆಸರು. ಈ ಹಾಳೆಯ ಮೇಲೂ ಕೆಸರು.

ಗದ್ದೆಯನ್ನು ಟ್ರ್ಯಾಕ್ಟರಿನವನು ಉತ್ತು ಕೊಟ್ಟ. ಆದರೆ ನಾಟಿಗೆ ಮುಂಚೆ ಎತ್ತು ಕಟ್ಟಿ ಮರ ಹೊಡೆದು, ಅಂದರೆ ಹಲಗೆ ಎಳೆಸಿ, ಕೆಸರನ್ನು ಮಟ್ಟ ಮಾಡಲೇಬೇಕಂತೆ. ನಮ್ಮ ಜೋಡಿಯ ಹೆಸರು ಸಾಧು ಮತ್ತು ಕೊಂಬ. ಕೊಂಬ ಪಾಪದವನು. ಸಾಧು ಹೆಸರಿಗೆ ಮಾತ್ರ ಸಾಧು. ಅಪ್ಪ ಜಗಲಿಯ ಮೇಲಿಂದ ವಿಡಿಯೋ ಕಾಲ್ ಮಾಡಿ ಪಾಠ ಹೇಳಿದ. ಫೋನನ್ನು ಬದುವಿನ ಮೇಲೆ ಕೋಲಿಗೆ ಕಟ್ಟಿದ್ದೆ.

"ಸಾಧು ಎಡಗೋಲು, ಕೊಂಬ ಬಲಗೋಲು. ಅದ್ಲು ಬದ್ಲು ಕಟ್ಬುಟ್ಟೀಯ, ಉಸಾರು! ಸಾಧು ಉಟ್ದಾಗಿಂದ್ಲೂ ಎಡಗಡೇಗೇ ನಡ್ದಿರೋನು. ಬಲಕ್ಕೆ ಕಟ್ಟಿದ್ರೆ ಎಗ್ಲು ನೋಯ್ತದೆ ಅವುಂಗೆ."

"ನನ್ ಹೆಗಲು ಯಾರು ಕೇಳ್ತಾರಪ್ಪ?"

"ಮೊದ್ಲು ಎತ್ತಿನ್ ಮಾತಾಡು. ಫೋನ್ ತಿರುಗ್ಸು, ಬರೀ ಆಕಾಸ ಕಾಣ್ತೈತೆ."

ಮೂರು ಸಲ ಬಿದ್ದೆ. ಸಾಧು ಒಮ್ಮೆಯೂ ನಿಲ್ಲಲಿಲ್ಲ. ಸಂಜೆಗೆ ಗದ್ದೆ ಕನ್ನಡಿಯ ಹಾಗೆ ಮಟ್ಟವಾಯಿತು, ಒಂದು ಮೂಲೆ ಬಿಟ್ಟು. ಆ ಮೂಲೆಯಲ್ಲಿ ನಾನು ಬಿದ್ದ ಗುರುತಿದೆ.

ಆಗಸ್ಟ್ 18

ನಾಟಿಗೆ ಕೂಲಿಯಾಳು ಸಿಗುತ್ತಿಲ್ಲ. ಊರೆಲ್ಲ ಒಂದೇ ವಾರದಲ್ಲಿ ನಾಟಿ. ನಾಟಿ ಹೆಂಗಸರ ಗುಂಪಿನ ಮುಂದಾಳು ಪುಟ್ಟಮಾದಮ್ಮನ ಮನೆಗೆ ಹೋದೆ. ಅವಳು ಅಕ್ಕಿ ಕೇರುತ್ತಾ ಕೂತಿದ್ದಳು.

"ಕೂಲಿಗೆ ಯಾರೂ ಇಲ್ಲ ಕಣವ್ವ. ಮುಯ್ಯಾಳಾದ್ರೆ ಬತ್ತೀವಿ."

ಮುಯ್ಯಾಳು ಅಂದರೆ ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಕೂಲಿಯ ಮಾತಿಲ್ಲ. ಅವರು ಏಳು ಜನ. ನಾನು ಏಳು ದಿನ ಅವರ ಜೊತೆ ನಾಟಿಗೆ ಹೋದರೆ, ಎಂಟನೆಯ ದಿನ ಏಳು ಜನವೂ ನಮ್ಮ ಗದ್ದೆಗೆ.

ಮನೆಯಲ್ಲಿ ಹೇಳಿದಾಗ ಅವ್ವ ತಲೆಯ ಮೇಲೆ ಕೈ ಹೊತ್ತಳು. "ನಾವು ಆಳು ಕರೆಯೋರು ಕಣೇ, ಆಳಾಗಿ ಓಗೋರಲ್ಲ. ನಾಳೆ ಗಂಡಿನ ಕಡೆಯೋರ್ಗೆ ಗೊತ್ತಾದ್ರೆ?" ಅಂದಳು.

ಅಜ್ಜಿ ಎಲೆಯಡಿಕೆ ಕುಟ್ಟುತ್ತಾ ಅಂದಳು: "ನಲ್ವತ್ತು ವರ್ಸ ಮುಯ್ಯಾಳ್ಗೆ ಓಗೀವ್ನಿ ನಾನು. ನಿನ್ ಗಂಡ ಆ ಅನ್ನ ತಿಂದೇ ಬೆಳ್ದೋನು. ಓಗ್ ಮಗ ನೀನು. ಸೀರೆ ಬ್ಯಾಡ, ಪ್ಯಾಂಟೇ ಆಕ್ಕ, ಕೆಸ್ರಲ್ಲಿ ಸಲೀಸು."

ಆಗಸ್ಟ್ 23

ಐದನೆಯ ದಿನ. ಸೊಂಟ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ.

ಇವತ್ತು ಪುಟ್ಟಮಾದಮ್ಮನದೇ ಗದ್ದೆ. ಅರ್ಧ ಎಕರೆ. ಸರ್ಕಾರದಿಂದ ಬಂದದ್ದು, ಅವಳ ಹೆಸರಿಗೇ. ಮಧ್ಯಾಹ್ನ ಊಟಕ್ಕೆ ಅವಳ ಮನೆಗೆ ಹೋದಾಗ ಅಕ್ಕಿಯ ಡ್ರಮ್ಮಿಗೆ ಕೈ ಹಾಕಿ ತಳದಿಂದ ಪ್ಲಾಸ್ಟಿಕ್ ಕವರು ತೆಗೆದಳು. ಒಳಗೆ ಪಹಣಿ. ಅಕ್ಕಿಯ ಧೂಳು ಒರೆಸಿ ಕೊಟ್ಟಳು.

"ಓದವ್ವ."

"ಪುಟ್ಟಮಾದಮ್ಮ ಕೋಂ ಮಹದೇವು."

"ಮುಂಚೆ ನನ್ನ 'ಬಾರೆ' ಅಂತಿದ್ರು ಊರೋರು. ಇದು ಬಂದ್ಮೇಲೆ 'ಬಾಮ್ಮ' ಅಂತಾರೆ. ಒಂದ್ ಕಾಗ್ದ ಕಣವ್ವ, ಅಷ್ಟೇಯ. ಅದಕ್ಕೇ ಅಕ್ಕೀಲಿ ಮಡಗೀವ್ನಿ. ಇಲಿ ಬಂದ್ರೂ ಮೊದ್ಲು ಅಕ್ಕಿ ತಿಂತದೆ."

ಅವಳ ಮನೆಯ ಉಪ್ಸಾರು, ಮುದ್ದೆ. ಎರಡು ಮುದ್ದೆ ತಿಂದೆ. ಮನೆಯಲ್ಲಿ ಒಂದಕ್ಕೇ ಮುಖ ಸಿಂಡರಿಸುವವಳು.

ಆಗಸ್ಟ್ 26

ನಮ್ಮ ಗದ್ದೆ ನಾಟಿಯಾಯಿತು! ಒಂದೇ ದಿನದಲ್ಲಿ! ಏಳೂ ಜನ ಬಂದರು. ನನ್ನ ಸಾಲು ಸೊಟ್ಟಗಿದೆ. ಪುಟ್ಟಮಾದಮ್ಮ "ಇದು ಬಿ.ಕಾಂ. ಸಾಲು, ಮುಟ್ಬ್ಯಾಡ್ರಿ" ಎಂದು ಎಲ್ಲರಿಗೂ ತೋರಿಸಿ ನಗಿಸಿದಳು. ಸಂಜೆ ಬದುವಿನ ಮೇಲೆ ನಿಂತು ನೋಡಿದೆ, ಕತ್ತಲಾದದ್ದೇ ತಿಳಿಯಲಿಲ್ಲ. ನೋಡಲು ಏನೂ ಇರಲಿಲ್ಲ, ನೀರಲ್ಲಿ ನಿಂತ ಕಡ್ಡಿಗಳು ಅಷ್ಟೇ.

ಸಾಮಾನ್ಯ ಜ್ಞಾನ: ಓದಲಿಲ್ಲ.

ಸೆಪ್ಟೆಂಬರ್ 19

ಹಳದಿ! ಮೇಲಿನ ಮೂಲೆಯಲ್ಲಿ ಪೈರು ಹಳದಿ ತಿರುಗಿದೆ. ಬಸ್ಸು ಹತ್ತಿ ಕೃಷಿ ಸಂಶೋಧನೆಯ ವಿ.ಸಿ. ಫಾರಂಗೆ ಹೋದೆ, ನಾಲ್ಕು ಬುಡ ಕಿತ್ತು ಟಿಫನ್ ಕ್ಯಾರಿಯರಿನಲ್ಲಿ ಇಟ್ಟುಕೊಂಡು. ಪಕ್ಕ ಕೂತ ಹೆಂಗಸು ಊಟ ಎಂದುಕೊಂಡು "ಏನ್ಸಾರು?" ಅಂದಳು. ಮುಚ್ಚಳ ತೆಗೆದು ತೋರಿಸಿದೆ. ಫಾರಂನವರು ನೋಡಿ, ಸತುವಿನ ಕೊರತೆ, ಜಿಂಕ್ ಹಾಕಿ, ಹೆದರಬೇಡಿ ಅಂದರು. "ಯಾರ ಗದ್ದೆ?" ಎಂದು ಕೇಳಿದರು. "ನಂದು" ಅಂದೆ. ಬಾಯಿತಪ್ಪಿ ಬಂತು. ತಿದ್ದಲು ಹೋಗಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಅಕ್ಟೋಬರ್ 14

ಬರೆಯಲು ಪುರುಸೊತ್ತಿಲ್ಲ. ಬದುವಿನಲ್ಲಿ ಏಡಿ ತೂತು ಮಾಡಿ ನೀರೆಲ್ಲ ಶಶಿಧರಣ್ಣನ ಗದ್ದೆಗೆ ಹೋಗುತ್ತಿದೆ. ಬೆಳಿಗ್ಗೆಯಿಂದ ಮೂರು ತೂತು ಮುಚ್ಚಿದೆ. ಏಡಿ ನಾಲ್ಕನೆಯದು ತೆಗೆದಿರಬೇಕು.

ಅಪ್ಪನ ಸಿಮೆಂಟು ನಿನ್ನೆ ಬಿಚ್ಚಿದರು.

ನವೆಂಬರ್ 9

ಮಳವಳ್ಳಿ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬಂದಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತೇವೆ ಅಂದವರು ಒಂಬತ್ತಕ್ಕೇ ಬಂದರು. ನಾನು ಗದ್ದೆಯಲ್ಲಿದ್ದೆ. ಹಿತ್ತಲಿನಿಂದ ಹೋಗೋಣವೆಂದರೆ ಹುಡುಗ ಅಲ್ಲೇ ಕೈ ತೊಳೆಯುತ್ತಿದ್ದಾನೆ! ಮೊಣಕಾಲಿನ ತನಕ ಕೆಸರಿದ್ದ ನನ್ನನ್ನು ನೋಡಿ "ಮನೆಯವರು ಒಳಗಿದಾರಾ?" ಎಂದು ಕೇಳಿದ.

ಒಳಗೆ ಅವನ ಅತ್ತೆ "ಹುಡುಗಿಗೆ ಏನೇನು ಬರುತ್ತೆ?" ಅಂದರು. ಅವ್ವ ರಂಗೋಲಿ, ಹೊಲಿಗೆ ಎಂದು ಶುರುಮಾಡಿದಳು. ಅಜ್ಜಿ ನಡುವೆ ಬಾಯಿ ಹಾಕಿ "ಮರ ಒಡೀತಾಳೆ, ಎರಡೆತ್ತು ಕಟ್ಟಿ" ಅಂದಳು. ಆಮೇಲೆ ಉಪ್ಪಿಟ್ಟು ಬೇಗ ಮುಗಿಯಿತು.

ಅವ್ವ ಅತ್ತಳು. ನನಗೆ ಅಷ್ಟೇನೂ ಬೇಜಾರಾಗಲಿಲ್ಲ. ತೆನೆ ಹಾಲುಗಟ್ಟಿದೆ, ಗಿಳಿ ಬೀಳುತ್ತಿವೆ. ತಲೆಯಲ್ಲಿ ಅದೇ ಇತ್ತು.

ಡಿಸೆಂಬರ್ 8

ಕಟಾವು ಮಿಷನ್ನು ನಿನ್ನೆ ನಮ್ಮ ಸರದಿಗೆ ಬಂತು. ಬಿಟ್ಟರೆ ಇನ್ನು ಹತ್ತು ದಿನ ಸಿಗುತ್ತಿರಲಿಲ್ಲ. ಇವತ್ತು ಸ್ನಾನ ಮಾಡುವಾಗ ತಲೆಗೆ ನೀರು ಹೊಯ್ದುಕೊಂಡ ತಕ್ಷಣ ನೆನಪಾಯಿತು: ಪರೀಕ್ಷೆ ನಿನ್ನೆಯೇ ಇತ್ತು.

ಬಚ್ಚಲಲ್ಲೇ ನಕ್ಕೆ. ಹುಚ್ಚು ಹಿಡಿಯಿತೇ ಎಂದು ಅವ್ವ ಬಾಗಿಲು ಬಡಿದಳು. ಮುಂದಿನ ವರ್ಷ ಬರೆದರಾಯಿತು.

ಡಿಸೆಂಬರ್ 13

ಭತ್ತ ಒಣಗಿಸಿ ಮೂಟೆ ಕಟ್ಟಿದೆವು. ಎಣಿಸಿದ್ದು ಅಪ್ಪ, ಕೋಲೂರಿಕೊಂಡು. ಮೊದಲನೆಯದಕ್ಕೆ ಒಂದು ಅನ್ನುವಂತಿಲ್ಲ, "ಲಾಭ" ಅನ್ನಬೇಕು. ಲಾಭ, ಎರಡು, ಮೂರು ಎಂದು ಹೋಗಿ ಮೂವತ್ತೊಂದಕ್ಕೆ ನಿಂತ. ಅಪ್ಪನ ಕಾಲದಲ್ಲಿ ಆ ಗದ್ದೆ ಇಪ್ಪತ್ತೆಂಟು ದಾಟಿಲ್ಲ. ತಪ್ಪಿರಬೇಕೆಂದು ಮತ್ತೆ ಲಾಭದಿಂದ ಶುರುಮಾಡಿದ. ಮತ್ತೆ ಮೂವತ್ತೊಂದು.

"ಈ ಸರ್ತಿ ಮಳೆ ಚೆನ್ನಾಗಾಯ್ತು" ಅಂದ. ಅಷ್ಟೇ. ಆದರೆ ಸಂಜೆ ರಘು ಬಂದು ಹೇಳಿದ, ಅಪ್ಪ ಚಿಕ್ಕರಸಿನಕೆರೆಯ ಟೀ ಅಂಗಡಿಯಲ್ಲಿ ಬಸ್ಸಿಗೆ ಕಾಯುವವರಿಗೆಲ್ಲ ಮೂವತ್ತೊಂದರ ಕಥೆ ಹೇಳುತ್ತಿದ್ದನಂತೆ.

ಜನವರಿ 11

ಪುಟ್ಟಮಾದಮ್ಮನ ಅಕ್ಕಿ ಡ್ರಮ್ಮಿನ ಕಥೆಯನ್ನು ಅಜ್ಜಿಗೆ ಹೇಳಿದ್ದು ನನ್ನದೇ ತಪ್ಪು. ಇವತ್ತು ಅಪ್ಪ ಇಲ್ಲದಾಗ ಪೆಟ್ಟಿಗೆಯ ಬೀಗ ತೆಗೆಸಿದಳು.

"ಕೆಳಗಿನ್ ಗದ್ದೆ ಕಾಗ್ದ ತಗಿ. ಓದು."

ಓದಿದೆ. ಜವರಯ್ಯ ಬಿನ್ ಚಿಕ್ಕಣ್ಣ. ಒಂದು ಎಕರೆ. ನಾಲೆ ನೀರು. ಭತ್ತ.

"ನನ್ ಎಸ್ರು ಎಲ್ಲೈತೆ?"

"ಇಲ್ಲ ಅಜ್ಜಿ."

"ಸರಿಯಾಗ್ ನೋಡು. ಅರವತ್ತು ವರ್ಸ ಗೇದೀವ್ನಿ. ನಿಮ್ಮಪ್ಪ ಒಟ್ಟೇಲಿದ್ದಾಗ್ಲೂ ಅಲ್ಲಿ ಕಳೆ ಕಿತ್ತೀವ್ನಿ. ಎಲ್ಲೋ ಒಂದ್ಕಡೆ ಬರ್ದಿರ್ತಾರೆ."

"ಇಲ್ಲ ಅಜ್ಜಿ, ಎಲ್ಲೂ ಇಲ್ಲ."

"ತಿರುವಾಕಿ ಇಂದ್ಗಡೆ ನೋಡು."

ತಿರುಗಿಸಿದೆ. ಖಾಲಿ ಬಿಳಿ ಹಾಳೆ. ಅಜ್ಜಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಓದಲು ಬಾರದವಳು ಅಷ್ಟು ಹೊತ್ತು ಏನು ನೋಡಿದಳೋ. ಮಡಿಸಿ ಪೆಟ್ಟಿಗೆಯಲ್ಲಿಟ್ಟು "ಬೀಗ ಆಕು" ಅಂದಳು.

ಜನವರಿ 12

ಅಪ್ಪನನ್ನು ಕೇಳಿದೆ. ಗದ್ದೆಯನ್ನು ಶಶಿಧರಣ್ಣನಿಗೆ ಕೊಡಬೇಡ, ನನಗೆ ಬಿಡು ಅಂದೆ. ಅಷ್ಟು ನೇರವಾಗಿ ಕೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

"ಮಾತು ಕೊಟ್ಟೀವ್ನಿ ಮಗ. ಅದೂ ಅಲ್ದೆ ನೀನು ನಾಳೆ ಮದ್ವೆ ಆಗಿ ಓಯ್ತೀಯ. ಗದ್ದೆ ಎತ್ಕಂಡು ಓಯ್ತೀಯ?"

"ರಘು ಗದ್ದೆ ಕಡೆ ತಲೇನೇ ಹಾಕಲ್ಲ. ಅವನಿಗೆ ಕೊಡಲ್ವಾ?"

"ಅವ್ನು ಗಂಡು."

"ಗಂಡು ಅಂದ್ರೆ ಏನಪ್ಪ, ಸಾಧು ಕೊಂಬನ್ನ ಕಟ್ಟಕ್ ಬರುತ್ತಾ ಅವನಿಗೆ?"

ಅಪ್ಪ ಕೋಲು ತೆಗೆದುಕೊಂಡು ಎದ್ದು ಹೋದ. ನಾನು ಕೊಟ್ಟಿಗೆಗೆ ಹೋಗಿ ಸಾಧುವಿನ ಕುತ್ತಿಗೆ ಹಿಡಿದುಕೊಂಡು ಅತ್ತೆ. ಅವನು ನನ್ನ ದುಪಟ್ಟಾದ ತುದಿ ತಿಂದ.

ಮಾರ್ಚ್ 15

ಶಶಿಧರಣ್ಣ ಬಾಳೆಗೆ ಗುಂಡಿ ಲೆಕ್ಕ ಹಾಕಲು ಹಗ್ಗ ಹಿಡಿದು ಬಂದಿದ್ದ. ನನ್ನನ್ನು ನೋಡಿ ಮುಜುಗರಪಟ್ಟ. "ನಾಲ್ಕ್ ದಿನ ಐತೆ ಬುಡವ್ವ" ಎಂದು ಹಗ್ಗ ಸುತ್ತಿಕೊಂಡು ಹೋದ. ಒಳ್ಳೆಯವನು. ಒಳ್ಳೆಯವನೆಂದೇ ಇನ್ನೂ ಸಿಟ್ಟು.

ಮಾರ್ಚ್ 18

ಊರೆಲ್ಲ ನಮ್ಮ ಮನೆಯ ಮಾತೇ.

ನಮ್ಮಲ್ಲಿ ಯುಗಾದಿಯ ದಿನ ಊರಿನ ಮೊದಲ ಉಳುಮೆ. ಅದಕ್ಕೆ ಹೊನ್ನಾರು ಕಟ್ಟುವುದು ಎನ್ನುತ್ತಾರೆ. ಹಿಂದಿನ ದಿನ ಐನೋರು ಪಂಚಾಂಗ ನೋಡಿ ಯಾವ ರಾಶಿಯ ಹೆಸರಿನವರು ನೇಗಿಲು ಹಿಡಿಯಬೇಕೆಂದು ಹೇಳುತ್ತಾರೆ. ಅವರದೇ ಗದ್ದೆಯಲ್ಲಿ ಅವರು ಮುಂದೆ, ಊರಿನ ಎತ್ತು, ಟ್ರ್ಯಾಕ್ಟರುಗಳೆಲ್ಲ ಹಿಂದೆ. ಈ ವರ್ಷ ತುಲಾ ರಾಶಿ ಬಂತು, ಅಂದರೆ 'ರ', 'ತ' ಅಕ್ಷರದ ಹೆಸರು. ಊರಲ್ಲಿ ಎತ್ತಿನ ಜೋಡಿ ಉಳಿದಿರುವುದೇ ಐದು ಮನೆಯಲ್ಲಿ, ಅದರಲ್ಲಿ ತುಲಾ ಹೆಸರಿರುವುದು ನಮ್ಮಲ್ಲಿ ಮಾತ್ರ.

"ಜವರಯ್ಯನ್ ಮಗ ರಘುನಂದನ" ಎಂದು ಯಜಮಾನ ಮರಿಸಿದ್ದಯ್ಯನವರು ಕೂಗಿದರು. ಅಪ್ಪ ಸಿಮೆಂಟಿಲ್ಲದ ಕಾಲಲ್ಲಿ ಒಂದಡಿ ಎತ್ತರವಾಗಿ ಮನೆಗೆ ಬಂದ. ಅಜ್ಜಿ ಒಂದೇ ಮಾತಲ್ಲಿ ಇಳಿಸಿದಳು.

"ಒನ್ನಾರು ಇಡ್ದ ಕೈಯೇ ಆ ವರ್ಸ ಆ ಗದ್ದೆ ಬಿತ್ಬೇಕು. ಬ್ಯಾರೆಯೋರ್ಗೆ ಬುಟ್ರೆ ಊರ್ಗೇ ಆಗ್ಬರಾಕಿಲ್ಲ. ಸಸಿಧರಂಗೆ ಏನ್ ಏಳ್ತೀಯ?"

ಅಪ್ಪ ಅದನ್ನು ಮರೆತೇಬಿಟ್ಟಿದ್ದ. ಗಡ್ಡ ಕೆರೆದು, "ಸಸಿಧರಂಗೆ ಊರ್ ಕಡೆಯಿಂದ ಏಳ್ಸಣ. ರಗು ಆಟೋ ಮಾರ್ಬುಟ್ಟು ಗದ್ದೆ ಮಾಡ್ತಾನೆ" ಅಂದ. ರಘುವಿನ ತುತ್ತು ತಟ್ಟೆಗೆ ಬಿತ್ತು.

ಆಮೇಲೆ ಅವನು ಹಿತ್ತಲಿಗೆ ಬಂದು ನನ್ನ ಪಕ್ಕ ಕೂತ. "ಅಕ್ಕಾ, ನಂಗೆ ಆ ಕೆಲ್ಸ ಬರಲ್ಲ, ಬೇಕೂ ಇಲ್ಲ. ಮಾರ್ಕೆಟ್ಟಲ್ಲಿ ನಂಗೆ ನಾಲ್ಕ್ ಜನ ಬೆಲೆ ಕೊಡ್ತಾರೆ. ಇಲ್ಲಿ ನನ್ನೂ ಯಾರೂ ಕೇಳಲ್ಲ ಕಣೇ" ಅಂದ. ಇಷ್ಟು ವರ್ಷ ಅವನಿಗೆ ಎಲ್ಲವೂ ಸಿಕ್ಕಿದೆ ಎಂದುಕೊಂಡಿದ್ದೆ. ಅವನನ್ನೂ ಕೇಳಿಯೇ ಇರಲಿಲ್ಲ.

ಮಾರ್ಚ್ 19, ಗುರುವಾರ, ಯುಗಾದಿ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇ‌ನೆ, ಯಾಕೆಂದರೆ ಊರಲ್ಲಿ ಈಗಾಗಲೇ ನಾಲ್ಕು ಥರ ಹೇಳುತ್ತಿದ್ದಾರೆ.

ಬೆಳಿಗ್ಗೆ ಎಲ್ಲರೂ ಕೆಳಗಿನ ಗದ್ದೆಯಲ್ಲಿ ಸೇರಿದೆವು. ಎತ್ತುಗಳ ಕೊಂಬಿಗೆ ಹೂವು ಸುತ್ತಿದ್ದೆ. ರಘು ಬಿಳಿ ಅಂಗಿ, ಪಂಚೆ. ನಾನು ಆರತಿ ತಟ್ಟೆ ಹಿಡಿದು ಹೆಂಗಸರ ಸಾಲಿನಲ್ಲಿ. ಹೊನ್ನಾರು ಹಿಡಿಯುವವನೇ ನೊಗ ಕಟ್ಟಬೇಕು. ರಘು ಕಟ್ಟಿದ. ಸಾಧುವನ್ನು ಬಲಕ್ಕೆ, ಕೊಂಬನನ್ನು ಎಡಕ್ಕೆ.

ಗಂಡಸರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮಂತ್ರ ಶುರುವಾಗಿತ್ತು. ರಘು "ಹೋ" ಅಂದ. ಸಾಧು ಎಡಕ್ಕೆ ನುಗ್ಗಿದ, ಕೊಂಬ ಬಲಕ್ಕೆ ನುಗ್ಗಿದ, ಎರಡೂ ಡಿಕ್ಕಿ ಹೊಡೆದು ನಿಂತವು. ಇನ್ನೊಂದು ಸಲ. ಈ ಸಲ ಎರಡೂ ತಿರುಗಿ ರಘುವನ್ನೇ ನೋಡಿದವು. ಹುಡುಗರು ಕಿಸಕ್ಕೆಂದರು. ಸಾಧುವಿನ ಹೆಗಲಿನ ಚರ್ಮ ನೊಗದಡಿ ಮಡಿಸಿಕೊಂಡಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ತಟ್ಟೆಯನ್ನು ಅವ್ವನ ಕೈಗೆ ತುರುಕಿ ಗದ್ದೆಗಿಳಿದೆ.

ನಾನು ಹೋದದ್ದು ನೊಗ ಸರಿಮಾಡಲು. ಬೇರೆ ಏನೂ ನನ್ನ ಮನಸ್ಸಿನಲ್ಲಿರಲಿಲ್ಲ, ಊರು ಏನಾದರೂ ಹೇಳಿಕೊಳ್ಳಲಿ. ಬಿಚ್ಚಿ, ಸಾಧುವನ್ನು ಎಡಕ್ಕೆ ತಂದು, ಹೆಗಲು ಸವರಿ, ಮತ್ತೆ ಕಟ್ಟಿದೆ. ಆ ಹೊತ್ತಿಗೆ ರಘು ನೇಗಿಲ ಮೇಣಿಯಿಂದ ಕೈ ತೆಗೆದು ಎಲ್ಲರಿಗೂ ಕೇಳುವ ಹಾಗೆ ಅಂದ:

"ನಂಗೆ ಬರಾಕಿಲ್ಲ ಕಣಪ್ಪ. ಊರ್ ಮುಂದೆ ಸುಳ್ಳು ಯಾಕೆ? ವರ್ಸ ಪೂರ್ತಿ ಈ ಎತ್ತು ಕಟ್ಟಿರೋಳು ಅಕ್ಕ."

ಮರಿಸಿದ್ದಯ್ಯನವರು ಕೆಮ್ಮಿದರು. "ಎಣ್ಣೈಕ್ಳು ನೇಗ್ಲು ಇಡ್ದಿದ್ದು ನಾ ಕಂಡಿಲ್ಲ ಜವರಯ್ಯ" ಅಂದರು. ಪುಟ್ಟಮಾದಮ್ಮ ಹಿಂದಿನಿಂದ, "ಕಾಣ್ದೆ ಇದ್ರೆ ಈಗ ಕಾಣಿ ಯಜಮಾನ್ರೆ, ಬಿಸ್ಲು ಚೆನ್ನಾಗೈತೆ" ಅಂದಳು. ಹೆಂಗಸರೆಲ್ಲ ನಕ್ಕರು. ಅಪ್ಪನ ಮುಖ ನೋಡಲು ಧೈರ್ಯವಾಗದೆ ಸಾಧುವಿನ ಕಿವಿ ನೋಡುತ್ತಾ ನಿಂತೆ.

ಐನೋರು ಪಂಚಾಂಗ ಮಡಿಸಿ ಕೇಳಿದರು. "ಮುಹೂರ್ತ ಮೀರ್ತಿದೆ. ಸಂಕಲ್ಪಕ್ಕೆ ಯಾರ ಹೆಸರು ಹೇಳಲಿ?"

ಅಪ್ಪ ಕೋಲೂರಿಕೊಂಡು ಬದುವಿನಿಂದ ಇಳಿದ. ಒಂದೊಂದೇ ಹೆಜ್ಜೆ. ಬಂದು ನೊಗದ ಗಂಟನ್ನು ಎಳೆದು ನೋಡಿದ. ಬಿಗಿಯಾಗಿತ್ತು.

"ರಂಜಿತ ಅನ್ನಿ ಸ್ವಾಮಿ. ಅದೂ ತುಲಾ ರಾಸೀನೇಯ."

ಆಮೇಲೆ ಶಶಿಧರಣ್ಣನ ಕಡೆ ತಿರುಗಿದ. ಅಪ್ಪ ಬಾಯಿ ತೆರೆಯುವ ಮುಂಚೆಯೇ ಅವನು ಎರಡೂ ಕೈ ಎತ್ತಿದ. "ಒನ್ನಾರಿನ್ ಗದ್ದೆ ನಂಗ್ಯಾಕ್ ಜವರಣ್ಣ? ನಾಳೆ ಮಳೆ ಬರ್ದಿದ್ರೆ ಊರೋರು ನನ್ನೇ ಇಡ್ಕತಾರೆ. ನಿನ್ ಮಾತು ನಿಂಗೇ ವಾಪಸ್ ಕೊಟ್ಟೆ, ಓಗು" ಅಂದ.

"ನಡಿ ಮಗ, ನಿಂತ್ಕಂಡ್ರೆ ಎತ್ತು ತಣ್ಗಾಯ್ತವೆ" ಅಂದ ಅಪ್ಪ.

ಮೇಣಿ ಹಿಡಿದೆ. "ಹೋ ಸಾಧು" ಅಂದೆ. ಹೊರಟ. ಹಿಂದೆ ನಾಲ್ಕು ಜೋಡಿ ಎತ್ತು, ಹನ್ನೊಂದು ಟ್ರ್ಯಾಕ್ಟರು. ಸಾಲು ಸೊಟ್ಟಗೆ ಬಂತು. ಬಿ.ಕಾಂ. ಸಾಲು. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ.

ಮಾರ್ಚ್ 30

ಮದ್ದೂರಿಗೆ ಹೋಗಿ ಪಾಲುಪತ್ರ ನೋಂದಣಿ ಮಾಡಿಸಿ ಬಂದೆವು. ಮೇಲಿನ ತೆಂಗಿನ ತೋಟ ರಘುಗೆ, ಕೆಳಗಿನ ಗದ್ದೆ ನನಗೆ. "ಮದ್ವೆ ಆದ್ರೆ ಅಳಿಯನ್ನ ಎತ್ಕಂಡು ಗದ್ದೆಗ್ ಬಾ" ಎಂದು ಅಪ್ಪ ಬಸ್ಸಲ್ಲಿ ಹೇಳಿದ. ಅಪ್ಪನ ಮಟ್ಟಿಗೆ ಅದು ತಪ್ಪೊಪ್ಪಿಗೆ.

ಪತ್ರ ಬರೆಯುವವರು ಕಸುಬು ಕೇಳಿದರು. ನಾನು ಯೋಚಿಸುತ್ತಿದ್ದೆ. ಅಪ್ಪನೇ ಹೇಳಿದ: "ಮಗ ಡ್ರೈವರು. ಮಗಳು ಬೇಸಾಯ." ಸಾಕ್ಷಿಗೆ ರುಜು ಹಾಕಿದವನು ಶಶಿಧರಣ್ಣ.

ಮೇ 9

ನೋಟ್‌ಬುಕ್ಕು ಪಿನ್ನು ದಾಟಿ ಸಾಮಾನ್ಯ ಜ್ಞಾನದ ಹಾಳೆಗಳಿಗೆ ಬಂದಿದೆ. ಪರೀಕ್ಷೆಯ ಪುಸ್ತಕಗಳನ್ನು ಪುಟ್ಟಮಾದಮ್ಮನ ಮಗಳು ಶೋಭಿತಾಳಿಗೆ ಕೊಟ್ಟೆ. ಅಪ್ಪನ ಸಿಮೆಂಟು ಬಿಚ್ಚುವ ತನಕ ಮಾತ್ರ ಎಂದು ಎಲ್ಲೋ ಬರೆದಿದ್ದೆ, ಹುಡುಕಲು ಹೋಗಲಿಲ್ಲ.

ಇವತ್ತು ಹೊಸ ಪಹಣಿ ಬಂತು. ಅಜ್ಜಿ ಎಲೆಯಡಿಕೆ ಉಗಿದು ಬಂದು, ಬಾಯಿ ತೊಳೆದು, ಸೆರಗು ಹೊದ್ದು ಕೂತಳು.

"ಓದು."

"ರಂಜಿತ ಬಿನ್ ಜವರಯ್ಯ. ಒಂದು ಎಕರೆ."

"ಇನ್ನೊಂದ್ಸತಿ."

ಓದಿದೆ. ಅಜ್ಜಿ ತಲೆದೂಗಿದಳು. ಆಮೇಲೆ, ನಾನು ಅಂದುಕೊಂಡಿದ್ದ ಹಾಗೇ, "ತಿರುವಾಕು" ಅಂದಳು.

ತಿರುಗಿಸಿದೆ. ಈ ಪೆನ್ನಿನಿಂದಲೇ, ಮನೆಗೆ ಬರುವ ಮುಂಚೆ ಬಸ್ ಸ್ಟಾಪಿನಲ್ಲಿ ಕೂತು ದಪ್ಪಕ್ಷರದಲ್ಲಿ ಬರೆದಿದ್ದೆ: ಮಾಯಮ್ಮ. ಅರವತ್ತು ವರ್ಷ.

"ಇದೇನ್ ಬರ್ದೈತೆ?"

"ನಿನ್ ಹೆಸರು ಅಜ್ಜಿ."

ಅಜ್ಜಿ ಹಾಳೆಯನ್ನು ಮಡಿಲಿಗಿಟ್ಟುಕೊಂಡು ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದಳು, ಕಳೆ ಯಾವುದು ಪೈರು ಯಾವುದು ಎಂದು ನೋಡುವವಳ ಹಾಗೆ. ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ.

"ನಾನ್ ಏಳ್ನಿಲ್ವ, ಇಂದ್ಗಡೆ ಇರ್ತದೆ ಅಂತ" ಅಂದಳು. ಆಮೇಲೆ ಹಾಳೆ ಮಡಿಸಿ ನನ್ನ ಕೈಗೆ ಕೊಟ್ಟು, "ಅಕ್ಕಿ ಡ್ರಮ್ಮಲ್ಲಿ ಮಡುಗು. ಎತ್ಗೆ ಉಲ್ಲಾಕ್ದಾ?" ಎಂದು ಕೇಳಿದಳು.

ಹಾಕಿರಲಿಲ್ಲ. ಏಣಿ ತೆಗೆದುಕೊಂಡು ಹೋಗಿ ಹಾಕಿ ಬಂದೆ.